ಒತ್ತಿಗೊಂದಿಷ್ಟು ಜಾಗ

ಹೈದರಾಬಾದಿಗೆ ಕೆಲಸಕ್ಕೆ ಹೋದ ಬೀದರ, ಕಲಬುರಗಿಯ ಹುಡುಗರಿಗೆ ತೆಲುಗು ಫಲಕ ಓದುವುದು ಕಷ್ಟವೇನಲ್ಲ. ಲಿಪಿಗಳು ಅಷ್ಟು ಹತ್ತಿರ. ಯೂನಿಕೋಡಿನಲ್ಲೂ ಅಕ್ಕಪಕ್ಕದ ಮನೆ: ತೆಲುಗಿನ 128 ಸ್ಥಾನ ಮುಗಿದಲ್ಲೇ ಕನ್ನಡದ 128 ಶುರು.

ವೆಬ್ ಪುಟಗಳಲ್ಲಿ ಎರಡಕ್ಕೂ ಪೆಟ್ಟು ಬೀಳುವುದು ಒಂದೇ ಕಡೆ, ಅಕ್ಷರದ ಕೆಳಗೆ. ಇಂಗ್ಲಿಷಿನ ಅಳತೆಗೆ ಬಟನ್ ಮಾಡಿ, ಎತ್ತರ ಕಟ್ಟಿಹಾಕಿ, ಉಕ್ಕಿದ್ದನ್ನು ಮರೆಮಾಡು ಎಂದು ಸಿಎಸ್ಎಸ್‌ಗೆ ಹೇಳಿದರೆ ಮೊದಲು ಹೋಗುವುದು ಒತ್ತಕ್ಷರ. ಹಳ್ಳಿ ಹಳಿಯಾಗುತ್ತದೆ, ಕತ್ತೆ ಕತೆಯಾಗುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಕಟ್ಟಿಹಾಕಿದ ಎತ್ತರ ಸಡಿಲಿಸಿ ಸಾಲಿನ ಎತ್ತರ ಹೆಚ್ಚಿಸಿದರೆ ಸರಿಹೋಗುತ್ತದೆ.

ಕಾಣದ ತಪ್ಪು ಎಣಿಕೆಯದು. ‘ಮಲ್ಲಿಕಾರ್ಜುನಪ್ಪ’ ನಮಗೆ ಆರು ಅಕ್ಷರ. ಒತ್ತು, ಗುಣಿತ, ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಬೇರೆಬೇರೆ ಲೆಕ್ಕ ಹಿಡಿಯುವ ಕಂಪ್ಯೂಟರಿಗೆ ಹದಿನೈದು. ಹೆಸರಿನ ಖಾನೆಗೆ ಹನ್ನೆರಡರ ಮಿತಿ ಇಟ್ಟವನು ಧಾರಾಳವಾಗಿಯೇ ಇಟ್ಟೆ ಅಂದುಕೊಂಡಿರುತ್ತಾನೆ. ಉಳಿಯುವುದು ‘ಮಲ್ಲಿಕಾರ್ಜುನ’. ಅದೂ ಒಳ್ಳೆಯ ಹೆಸರೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪಹಣಿಯ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ತಾಳೆಯಾಗದ ದಿನ ಅಲೆಯುವವನು ಮಾತ್ರ ರೈತ.

ಎಣಿಕೆಗೆ ಯೂನಿಕೋಡಿನದೇ ನಿಯಮವಿದೆ. 2023ರ 15.1ನೇ ಆವೃತ್ತಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯಲು ಹೊಸ ಸೂತ್ರ ತಂದಿತು. ಅದು ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿ ತೆಲುಗಿತ್ತು, ಕನ್ನಡವಿರಲಿಲ್ಲ. ಹಾಗಾಗಿ ಎರಡೂ ಭಾಷೆಗೆ ಒಂದೇ ಕೋಡ್ ಸಾಕೆನ್ನುವ ಹೈದರಾಬಾದಿನ ತಂಡ ಬಿಡುಗಡೆಗೆ ಮೊದಲು ಒಬ್ಬ ಮಲ್ಲಿಕಾರ್ಜುನಪ್ಪನನ್ನು ಆ ಖಾನೆಯಲ್ಲಿ ಕೂರಿಸಿ ನೋಡಬೇಕು.