ದಡದ ಕರೆಂಟು

ಪಶ್ಚಿಮ ಯೆಲ್ಲೋಸ್ಟೋನ್ ಎಂಬ ಪುಟ್ಟ ಊರು ಅಮೆರಿಕದ ಮೊಂಟಾನಾ ರಾಜ್ಯದಲ್ಲಿದೆ. ಸಮುದ್ರ ಮಟ್ಟದಿಂದ ಸುಮಾರು 2,030 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ನೂರು ಮೀಟರ್ ಮೇಲೆ ಒಂದು ಊರು, ಅಂಗಡಿ, ಪೆಟ್ರೋಲ್ ಬಂಕು, ಶಾಲೆ ಎಲ್ಲಾ ಇದೆ ಎಂದರೆ ಅಲ್ಲಿನ ಚಳಿಯನ್ನು ನೀವೇ ಊಹಿಸಿಕೊಳ್ಳಿ. ನಾವು ಹೋದದ್ದು ಜೂನ್ ತಿಂಗಳಲ್ಲಿ. ಮಧ್ಯಾಹ್ನ ಹಿತವಾದ ಬಿಸಿಲು, ರಾತ್ರಿ ಕಿವಿ ಕೊರೆಯುವ ಚಳಿ.

ಡೆನ್ವರ್‌ನಲ್ಲಿರುವ ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು, ನಾನು ಮತ್ತು ನನ್ನಾಕೆ, ಹೀಗೆ ಐದು ಜನ ಬಾಡಿಗೆಯ ಮೋಟರ್‌ಹೋಮ್ ಒಂದರಲ್ಲಿ ಹೊರಟಿದ್ದೆವು. ಮೋಟರ್‌ಹೋಮ್ ಎಂದರೆ ಚಕ್ರದ ಮೇಲಿನ ಮನೆ. ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಎಲ್ಲವೂ ಒಂದು ಮಿನಿ ಬಸ್ಸಿನಷ್ಟು ಜಾಗದಲ್ಲಿ. ರಾತ್ರಿ ಕ್ಯಾಂಪಿನಲ್ಲಿ ನಿಲ್ಲಿಸಿದಾಗ ಅಲ್ಲಿರುವ ಸೊಂಟದೆತ್ತರದ ಕಂಬದ ಪೆಟ್ಟಿಗೆಗೆ ದಪ್ಪನೆಯ ಕೇಬಲ್ ಸಿಕ್ಕಿಸಿದರೆ ಗಾಡಿಗೆ ಕರೆಂಟು. ಇದಕ್ಕೆ ಇಂಗ್ಲಿಷಿನಲ್ಲಿ ‘ಶೋರ್ ಪವರ್’ ಎನ್ನುತ್ತಾರೆ, ಅಂದರೆ ದಡದ ಕರೆಂಟು. ಬಂದರಿಗೆ ಬಂದ ಹಡಗು ದಡದಿಂದ ಕರೆಂಟು ಪಡೆಯುತ್ತದಲ್ಲ, ಆ ಹೆಸರೇ ನೆಲದ ಮೇಲಿನ ಗಾಡಿಗೂ ಅಂಟಿಕೊಂಡಿದೆ.

ಮೊದಲ ರಾತ್ರಿ ಗ್ರ್ಯಾಂಡ್ ಟೀಟನ್ ಪರ್ವತಗಳ ಬಳಿ ಒಂದು ಕ್ಯಾಂಪಿನಲ್ಲಿದ್ದೆವು. ಅಳಿಯ ನೀರಿನ ಪೈಪು ಜೋಡಿಸುತ್ತಿದ್ದರು. ಸುಮ್ಮನೆ ನಿಲ್ಲುವುದೇಕೆಂದು ಕೇಬಲ್ಲನ್ನು ನಾನೇ ಸಿಕ್ಕಿಸಿದೆ. ಒಂದು ತುದಿ ಕಂಬಕ್ಕೆ, ಇನ್ನೊಂದು ಗಾಡಿಯ ಪಕ್ಕೆಗೆ. ದೀಪ ಬಂತು, ಮೈಕ್ರೋವೇವ್ ಗಡಿಯಾರ ಮಿನುಗಿತು. ಚಳಿಗೆ ಎರಡು ಹೀಟರ್ ಹಾಕಿಕೊಂಡು ಬೆಚ್ಚಗೆ ಮಲಗಿದೆವು. ನಡುರಾತ್ರಿ ಬಚ್ಚಲಿಗೆ ಎದ್ದಾಗ ಏನೋ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಂತಾಯಿತು. ಪಕ್ಕದಲ್ಲಿ ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಕಸ ಸುಡಲು ಅದೇನು ನಮ್ಮೂರಿನ ಓಣಿಯೇ?

ಮರುದಿನ ಯೆಲ್ಲೋಸ್ಟೋನ್ ಒಳಹೊಕ್ಕೆವು. 1872ರಲ್ಲಿ ಆದ ಈ ರಾಷ್ಟ್ರೀಯ ಉದ್ಯಾನ ಜಗತ್ತಿಗೇ ಮೊದಲನೆಯದು. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆಯ ಮುಂದೆ ಬೆಂಚಿನಲ್ಲಿ ಕಾದು ಕೂತೆವು. ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಮೊದಲು ಎರಡು ಸಲ ಗೊರಗೊರ ಎಂದು ಮೋಸ ಮಾಡಿ, ಮೂರನೆಯ ಸಲ ತೆಂಗಿನಮರದ ಎರಡರಷ್ಟು ಎತ್ತರಕ್ಕೆ ನೀರು ಹಾರಿತು. ಮೊಮ್ಮಗಳು “ತಾತ, ಭೂಮಿಯ ಕುಕ್ಕರ್ ಸೀಟಿ ಹಾಕ್ತು!” ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಸಂಜೆ ಪಶ್ಚಿಮ ಯೆಲ್ಲೋಸ್ಟೋನ್‌ನ ಕ್ಯಾಂಪಿಗೆ ಬಂದು ಮತ್ತೆ ನಾನೇ ಕೇಬಲ್ ಸಿಕ್ಕಿಸಿದೆ. ಗ್ಯಾಸ್ ಒಲೆಯ ಮೇಲೆ ಚಿತ್ರಾನ್ನ ಆಯಿತು. ದೀಪ ಉರಿಯುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಮಲಗುವಾಗ ಮೊಮ್ಮಗಳು, “ತಾತ, ಮೈಕ್ರೋವೇವ್‌ನಲ್ಲಿ ಟೈಮ್ ಕಾಣ್ತಾ ಇಲ್ಲ” ಎಂದಳು. “ಅದಕ್ಕೂ ನಿದ್ದೆ ಬಂದಿರಬೇಕು, ಮಲಕ್ಕೋ ಪುಟ್ಟಿ” ಎಂದೆ.

ರಾತ್ರಿ ಎರಡು ಗಂಟೆಗೆ ಎಚ್ಚರವಾದದ್ದು ನನ್ನಾಕೆಯ ಉಬ್ಬಸದ ಸದ್ದಿಗೆ. ಗಾಡಿ ಒಳಗೆ ಮಂಜುಗಡ್ಡೆಯಂತೆ ತಣ್ಣಗಾಗಿತ್ತು. ಗ್ಯಾಸಿನ ಫರ್ನೇಸ್ ನಿಂತುಹೋಗಿತ್ತು. ಟಕ್ ಟಕ್ ಎನ್ನುತ್ತಿತ್ತೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ದೀಪ ಹಾಕಿದರೆ ಎಣ್ಣೆ ಮುಗಿದ ಬುಡ್ಡಿಯ ಹಾಗೆ ಕೆಂಪಗೆ. ಮಗಳು ನೆಬ್ಯುಲೈಸರ್ ತೆಗೆದು ಪ್ಲಗ್ಗಿಗೆ ಹಾಕಿದಳು. ಸದ್ದೇ ಇಲ್ಲ. ಎರಡು, ಮೂರು ಪ್ಲಗ್ಗು ಬದಲಿಸಿದಳು. ಅವಳ ಕೈ ನಡುಗುತ್ತಿತ್ತು, ಚಳಿಗೋ ಹೆದರಿಕೆಗೋ.

ಅಳಿಯ ಎಂಜಿನ್ ಚಾಲೂ ಮಾಡಿದರು. ಆ ಸದ್ದಿಗೆ ಪಕ್ಕದ ಗಾಡಿಯ ಬಾಗಿಲು ತೆರೆಯಿತು. ಬೈಯಲು ಬಂದರೆಂದುಕೊಂಡೆವು. ಎಪ್ಪತ್ತು ದಾಟಿದ ಬಿಳಿಯ ಅಜ್ಜ, ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮಲ್ಟಿಮೀಟರ್. ವಿಷಯ ಕೇಳಿದವರೇ ಮೊದಲು ನೆಬ್ಯುಲೈಸರ್ ಕಡೆ ಕೈ ತೋರಿಸಿದರು. ಕಂಬದ ಪೆಟ್ಟಿಗೆಯಲ್ಲಿ ದೊಡ್ಡ ಸಾಕೆಟ್ಟಿನ ಕೆಳಗೆ ಮನೆಯಲ್ಲಿರುವಂಥ ಸಣ್ಣ ಸಾಕೆಟ್ಟೂ ಇತ್ತು. ಅದಕ್ಕೆ ಸಿಕ್ಕಿಸಿದ್ದೇ ತಡ, ನೆಬ್ಯುಲೈಸರ್ ಗುರ್ರೆಂದಿತು. ಮಡಚುವ ಕುರ್ಚಿ ತಂದು, ಎರಡು ಕಂಬಳಿ ಹೊದಿಸಿ, ಕಂಬದ ಪಕ್ಕದಲ್ಲೇ ನನ್ನಾಕೆಯನ್ನು ಕೂರಿಸಿದೆವು. ಮೇಲೆ ರಾಶಿ ನಕ್ಷತ್ರ, ಕೆಳಗೆ ಮುಖಕ್ಕೆ ಮಾಸ್ಕ್ ಹಿಡಿದು ಕೂತ ಅವಳು. ಹತ್ತು ನಿಮಿಷಕ್ಕೆ ಉಸಿರು ಹದಕ್ಕೆ ಬಂತು.

ಅಲ್ಲಿಯವರೆಗೆ ಯಾರೂ ಕರೆಂಟಿನ ವಿಚಾರ ಎತ್ತಲಿಲ್ಲ. ಆಮೇಲೆ ಅಜ್ಜ ಒಂದೊಂದಾಗಿ ನೋಡುತ್ತಾ ಬಂದರು. ಕಂಬದ ಬ್ರೇಕರ್ ಟ್ರಿಪ್ ಆಗಿದೆಯೇ? ಟ್ರಿಪ್ ಆದದ್ದು ಕೆಲವೊಮ್ಮೆ ಆನ್ ಇದ್ದಂತೆಯೇ ಕಾಣುತ್ತದಂತೆ. ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಮಾಡಿದರು, ಪ್ರಯೋಜನವಾಗಲಿಲ್ಲ. ದೊಡ್ಡ ಸಾಕೆಟ್ಟಿಗೆ ಮೀಟರ್ ಹಿಡಿದರೆ 121 ವೋಲ್ಟ್. ಅಲ್ಲಿ 120 ವೋಲ್ಟೇ ಸರಿಯಾದ ಲೆಕ್ಕ. ಗಾಡಿಯೊಳಗಿನ ಬ್ರೇಕರ್‌ಗಳೂ ಸರಿಯಿದ್ದವು. ಹಾಗಾದರೆ ದೋಷ ನಡುವೆ ಇದೆ. ಕಂಬದ ಬ್ರೇಕರ್ ಆಫ್ ಮಾಡಿಸಿ, ಕೇಬಲ್ಲನ್ನು ಗಾಡಿಯ ಪಕ್ಕೆಯಿಂದ ಎಳೆದು ಟಾರ್ಚು ಬಿಟ್ಟರು.

ಮೂರು ತೂತುಗಳಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಅದೇ ವಾಸನೆ.

ಆ ಪ್ಲಗ್ಗನ್ನು ಒಳಗೆ ತಳ್ಳಿದರೆ ಸಾಲದು, ಬಲಕ್ಕೆ ಸ್ವಲ್ಪ ತಿರುಗಿಸಿ, ಮೇಲಿನ ಬಳೆಯನ್ನೂ ಬಿಗಿಯಬೇಕು. ನಾನು ತಳ್ಳಿ ಬಿಟ್ಟಿದ್ದೆ. ಅಜ್ಜ ಮೊಮ್ಮಗಳಿಗೆ ಬಿಡಿಸಿ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ತಲಾ 1,500 ವಾಟಿನ ಎರಡು ಹೀಟರ್‌ಗೆ 120 ವೋಲ್ಟಿನಲ್ಲಿ 25 ಆಂಪಿಯರ್ ಬೇಕು. ನಮ್ಮ ಭಾರತದ 230 ವೋಲ್ಟಿನಲ್ಲಾದರೆ 13 ಸಾಕು. ಆಂಪಿಯರ್ ಎರಡರಷ್ಟಾದರೆ ಸಡಿಲ ಜೋಡಣೆಯಲ್ಲಿ ಹುಟ್ಟುವ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟು. ಬ್ರೇಕರ್ ಏಕೆ ಬೀಳಲಿಲ್ಲ ಎಂದರೆ ಅದು 30 ಆಂಪಿಯರ್‌ನದು. ಅದಕ್ಕೆ ಎಣಿಸಲು ಬರುತ್ತದೆ, ಪ್ಲಗ್ಗು ಸಡಿಲ ಇದೆಯೇ ಎಂದು ನೋಡಲು ಬರುವುದಿಲ್ಲ.

ದೀಪ ಹೇಗೆ ಉರಿಯುತ್ತಿತ್ತು ಎಂಬುದು ಮೊಮ್ಮಗಳ ಪ್ರಶ್ನೆ. ಗಾಡಿಯ ದೀಪ, ನೀರಿನ ಪಂಪು, ಫರ್ನೇಸಿನ ಫ್ಯಾನು, ಇವೆಲ್ಲ 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತವೆ. ದಡದ ಕರೆಂಟು ಬ್ಯಾಟರಿಯನ್ನು ತುಂಬುತ್ತಾ ಇರುತ್ತದೆ. ಅದು ಬರದೇ ಇದ್ದಾಗಲೂ ಬ್ಯಾಟರಿ ಪಾಪ ಯಾರಿಗೂ ಹೇಳದೆ ದುಡಿಯುತ್ತದೆ, ಬರಿದಾಗುವವರೆಗೆ. ಕರೆಂಟಿಲ್ಲ ಎಂದು ಹೇಳುತ್ತಿದ್ದದ್ದು ಮೈಕ್ರೋವೇವ್ ಗಡಿಯಾರ ಒಂದೇ. ಅದನ್ನು ನೋಡಿದವಳೂ ಒಬ್ಬಳೇ.

ಆ ಪ್ಲಗ್ಗನ್ನು ಮತ್ತೆ ಹಾಕಲು ಅಜ್ಜ ಬಿಡಲಿಲ್ಲ. ಒಂದು ಗಂಟೆ ಎಂಜಿನ್ ಓಡಿಸಿ ಬ್ಯಾಟರಿಗೆ ಜೀವ ಬರಿಸಿದೆವು. ಎಂಜಿನ್ ಓಡುವಷ್ಟು ಹೊತ್ತು ಯಾರೂ ಮಲಗಬೇಡಿ, ಹೊಗೆ ಒಳಗೆ ಬಂದರೆ ಗೊತ್ತೇ ಆಗುವುದಿಲ್ಲ ಎಂದು ಎಚ್ಚರಿಸಿ ಅವರು ಹೊರಟರು. ಫರ್ನೇಸ್ ಹೊತ್ತಿತು. ಬೆಳಗಿನವರೆಗೆ ಸಾಕಾಯಿತು.

ಬೆಳಿಗ್ಗೆ ಕಾಫಿ ಕುಡಿಯುವಾಗ ಟೀಟನ್‌ನ ವಾಸನೆಯ ಸಂಗತಿ ಹೇಳಿಬಿಟ್ಟೆ. ಅಳಿಯ, “ಬಿಡಿ ಮಾವ, ತಿರುಗಿಸಬೇಕು ಅಂತ ನನಗೂ ಗೊತ್ತಿರಲಿಲ್ಲ” ಎಂದರು. ನನ್ನಾಕೆ ಮಾತ್ರ, “ಮನೆಯಲ್ಲಿ ಗ್ಯಾಸ್ ಆಫ್ ಆಗಿದೆಯಾ ಅಂತ ಮೂರು ಸಲ ನೋಡ್ತೀರಿ, ಮೂಗಿಗೆ ಹೊಡೆದ ವಾಸನೆ ನಂಬಲಿಲ್ಲವಲ್ಲ” ಎಂದಳು. ಉತ್ತರವಿರಲಿಲ್ಲ. ಎರಡನೇ ಲೋಟ ಕಾಫಿ ನಾನೇ ಮಾಡಿಕೊಟ್ಟೆ.

ರಿಪೇರಿಯವನು ಬಂದು ಕೇಬಲ್ಲಿನ ತುದಿಯನ್ನೂ ಗಾಡಿಯ ಪಕ್ಕೆಯ ಸಾಕೆಟ್ಟನ್ನೂ ಬದಲಿಸಿದ. ಒಂದೇ ಬದಲಿಸಿದರೆ ಸುಟ್ಟದ್ದು ಹೊಸದನ್ನೂ ಸುಡುತ್ತದಂತೆ. ಹಣ ನಾನು ಕೊಡುತ್ತೇನೆಂದು ಹಟ ಹಿಡಿದೆ, ಮಗಳು ಬಿಡಲಿಲ್ಲ. ಪಕ್ಕದ ಅಜ್ಜನಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಡಬ್ಬಿ ವಾಪಸು ಕೊಡಲಿಲ್ಲ.

ಅಂದು ನೋಡಿದ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಣ್ಣದ ಬಿಸಿನೀರಿನ ಕೊಳದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಸಂಜೆ ಕ್ಯಾಂಪಿನಲ್ಲಿ ಮೊದಲು ಬ್ರೇಕರ್ ಆಫ್ ಮಾಡಿ, ಕೇಬಲ್ ಸಿಕ್ಕಿಸಿ, ತಿರುಗಿಸಿ, ಬಳೆ ಬಿಗಿದೆ. ಆಮೇಲೆ ಬ್ರೇಕರ್ ಆನ್. ಒಳಗಿನಿಂದ ಕೂಗು ಬಂತು: “ತಾತ, ಟೈಮ್ ಬಂತು!”