ಎಡಗಡೆಯ ಪಿಟೀಲು

ಸಂಗೀತವನ್ನು ಕೇಳುವವರು ಬಹುಮಂದಿಯುಂಟು. ಅದನ್ನು ನುಡಿಸುವ ಯಂತ್ರದ ಧೂಳನ್ನು ಒರಸುವವರು ವಿರಳ. ತೀರ್ಥಹಳ್ಳಿಯ ಸೀಮೆಯ ಒಬ್ಬ ನಿವೃತ್ತ ಶಿರಸ್ತೇದಾರರು ಈ ವಿರಳರ ಪಂಗಡಕ್ಕೆ ಸೇರಿದವರು. ಅವರ ನಡುಮನೆಯಲ್ಲಿ ಒಂದು ಸ್ಟೀರಿಯೋ ಯಂತ್ರವಿದೆ: ರೆಕಾರ್ಡನ್ನು ತಿರುಗಿಸುವ ಪೀಠವೊಂದು, ಧ್ವನಿಯನ್ನು ಹೆಚ್ಚಿಸುವ ಆಂಪ್ಲಿಫೈಯರೊಂದು, ಗೋಡೆಯ ಎರಡು ಕೊನೆಗಳಲ್ಲಿ ಸ್ಪೀಕರಿನ ಪೆಟ್ಟಿಗೆಗಳೆರಡು. 1986ರಲ್ಲಿ ತಡೆದಿದ್ದ ಸಂಬಳದ ಬಾಕಿಯು ಒಟ್ಟಾಗಿ ಕೈಸೇರಿದಾಗ ಅವರು ಬೆಂಗಳೂರಿಗೆ ಹೋಗಿ, ಬಸ್ಸಿನ ಮೇಲೆ ಹೇರಲು ಒಪ್ಪದೆ ತಮ್ಮ ಮಗ್ಗುಲಿನ ಆಸನಗಳಿಗೂ ಟಿಕೀಟು ಕೊಂಡು, ಅದನ್ನು ಮಗುವಿನಂತೆ ತಬ್ಬಿಕೊಂಡು ತಂದರು. ಆ ಹಣಕ್ಕೆ ಎರಡು ಜೊತೆ ಬಳೆ ಬರುತ್ತಿದ್ದುವೆಂದು ನೆರೆಯವರು ಆಡಿಕೊಂಡರು. ಬಳೆಯನ್ನು ತೊಡಬೇಕಾಗಿದ್ದ ಮನೆಯಾಕೆಯು ಮಾತ್ರ ಏನನ್ನೂ ಹೇಳಲಿಲ್ಲ.

ಆಕೆಯು ಬಾಲ್ಯದಲ್ಲಿ ಆರು ವರ್ಷ ಪಿಟೀಲನ್ನು ಅಭ್ಯಾಸಮಾಡಿದ್ದವರು. ವರ್ಣಗಳನ್ನು ಮುಗಿಸಿ ಕೃತಿಗಳಿಗೆ ಕೈಯಿಡುವ ಹೊತ್ತಿಗೆ ಮದುವೆಯಾಯಿತು. ತುಂಬಿದ ಮನೆ, ಅತ್ತೆಮಾವಂದಿರು, ದನಕರುಗಳು. ವಾದ್ಯವು ಅಟ್ಟವನ್ನು ಸೇರಿತು. ಅದನ್ನು ಕೆಳಗಿಳಿಸೆಂದು ಹೇಳುವ ಧೈರ್ಯವು ಆ ದಿನಗಳಲ್ಲಿ ಗಂಡನಾದವನಿಗೂ ಇರಲಿಲ್ಲ. ಸರಕಾರವು ತೀರಿಸಿದ ಬಾಕಿಯಿಂದ ಮನೆಯೊಳಗಿನ ಈ ಬಾಕಿಯನ್ನು ಒಂದಿಷ್ಟಾದರೂ ತೀರಿಸೋಣವೆಂಬುದು ಶಿರಸ್ತೇದಾರರ ಎಣಿಕೆಯಾಗಿದ್ದಿತು. ಅಂದು ಯಂತ್ರದೊಡನೆ ಬಂದ ರೆಕಾರ್ಡುಗಳಲ್ಲಿ ಒಂದು ಕರ್ನಾಟಕ ಸಂಗೀತದ ಕಚೇರಿ. ಅದರಲ್ಲಿ ಹಾಡುವವರು ನಡುವೆ, ಮೃದಂಗವು ಬಲಗಡೆ, ಪಿಟೀಲು ಎಡಗಡೆ. ಕಣ್ಣು ಮುಚ್ಚಿ ಕುಳಿತರೆ ಪಕ್ಕವಾದ್ಯದವರು ಜಮಖಾನದ ಮೇಲೆ ಎಲ್ಲೆಲ್ಲಿ ಕುಳಿತಿರುವರೆಂದು ಬೆರಳು ಮಾಡಿ ತೋರಿಸಬಹುದು.

ಸ್ಟೀರಿಯೋ ಎಂಬುದು ಗ್ರೀಕ್ ಭಾಷೆಯ ಶಬ್ದ. ಘನವಾದದ್ದೆಂದು ಅದರ ಅರ್ಥ. ವೇದಪಾಠದಲ್ಲಿಯೂ ಘನವೆಂಬ ಕ್ರಮವೊಂದಿರುವುದನ್ನು ಬಲ್ಲವರಿಗೆ ಹೆಸರು ಅಪರಿಚಿತವೆನಿಸದು. ಆದರೆ ಎರಡಕ್ಕೂ ಗಂಟುಹಾಕಹೊರಡುವುದು ಸಾಹಸವೇ ಸರಿ. ಇದರ ಮರ್ಮವಾದರೋ ಬಹು ಸೊಗಸಾದುದು. ರೆಕಾರ್ಡಿನ ಮೇಲೆ ಸುರುಳಿಯಾಗಿ ಸುತ್ತಿರುವ ಗೆರೆಯು ಇಳಿಜಾರಾದ ಎರಡು ಗೋಡೆಗಳ ಒಂದು ಕಣಿವೆ. ಒಂದು ಗೋಡೆಯಲ್ಲಿ ಎಡಗಡೆಯ ಧ್ವನಿಯನ್ನೂ ಇನ್ನೊಂದರಲ್ಲಿ ಬಲಗಡೆಯ ಧ್ವನಿಯನ್ನೂ ಕೊರೆದಿರುತ್ತಾರೆ. ವಜ್ರದ ಒಂದೇ ಮುಳ್ಳು ಎರಡನ್ನೂ ಏಕಕಾಲದಲ್ಲಿ ಓದುತ್ತ ಸಾಗುವುದು. ಆಂಗ್ಲದೇಶದ ಆಲನ್ ಬ್ಲಮ್ಲೀನ್ ಎಂಬ ಯಂತ್ರಜ್ಞನು 1931ರಲ್ಲಿಯೇ ಈ ಯುಕ್ತಿಗೆ ಪೇಟೆಂಟನ್ನು ಬೇಡಿದ್ದನು. ಇಂಥ ರೆಕಾರ್ಡುಗಳು ಅಂಗಡಿಗಳಿಗೆ ಬಂದುದು 1958ರ ಸುಮಾರಿಗೆ. 1942ರಲ್ಲಿ ವಿಮಾನವು ಬಿದ್ದು ಮಡಿದ ಆತನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಕಣಿವೆಯ ಅಗಲವು ಒಂದು ಮಿಲಿಮೀಟರಿನ ಸುಮಾರು ಇಪ್ಪತ್ತನೆಯ ಒಂದು ಪಾಲು. ಬಿಡಿಸಿ ಚಾಚಿದರೆ ಒಂದು ಮಗ್ಗುಲಿನ ಗೆರೆಯೇ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಮೆಯಷ್ಟು ಉದ್ದವಾದೀತು. ಅಷ್ಟು ಕಿರಿದಾದ ದಾರಿಯಲ್ಲಿ ಧೂಳಿನ ಒಂದು ಕಣವು ಬಂಡೆಗೆ ಸಮಾನವೆಂಬುದನ್ನು ಹೇಳಬೇಕಾದುದಿಲ್ಲ.

ಆದುದರಿಂದಲೇ ಶಿರಸ್ತೇದಾರರು ಸ್ನಾನಾಹ್ನಿಕಗಳು ಮುಗಿದ ಮೇಲೆ, ಕೈಯ ತೇವವು ಪೂರ್ಣವಾಗಿ ಆರಿದ ಮೇಲೆ ಅಲ್ಲದೆ, ರೆಕಾರ್ಡನ್ನು ಮುಟ್ಟುವುದಿಲ್ಲ. ಮುಟ್ಟಿದರೂ ಅಂಚನ್ನೂ ನಡುವಿನ ಕಾಗದವನ್ನೂ ಮಾತ್ರ. ನುಡಿಸುವ ಮೊದಲು ಸಣ್ಣ ಕುಂಚದಿಂದ ಗೆರೆಯ ಜಾಡಿನಲ್ಲಿಯೇ ಧೂಳನ್ನು ಎತ್ತುವರು. ಮುಳ್ಳನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ರೆಕಾರ್ಡು ಹರಿಯುವ ದಿಕ್ಕಿನಲ್ಲಿಯೇ ಒರಸಬೇಕು; ಎದುರಾಗಿಯಾಗಲಿ ಅಡ್ಡಡ್ಡಲಾಗಿಯಾಗಲಿ ಒರಸಿದರೆ ಅದನ್ನು ಹಿಡಿದಿರುವ ಕೂದಲಿನಂಥ ಕಡ್ಡಿಯು ಬಾಗಿಹೋಗುವುದು. ಬೆರಳಿನಿಂದಂತೂ ಕೂಡದು. ಮುಳ್ಳಿನ ಭಾರವನ್ನು ಎರಡು ಗ್ರಾಮಿಗೆ ಸರಿಮಾಡಿಟ್ಟಿರುವರು. ಭಾರವು ಹೆಚ್ಚಾದರೆ ಗೆರೆಯು ಸವೆಯುವುದೆಂದು ಎಲ್ಲರೂ ಬಲ್ಲರು; ಕಡಮೆಯಾದರೆ ಮುಳ್ಳು ಕಣಿವೆಯಲ್ಲಿ ಕುಪ್ಪಳಿಸಿ ಗೋಡೆಗಳನ್ನು ಇನ್ನೂ ಹೆಚ್ಚಾಗಿ ಕೆಡಿಸುವುದೆಂಬುದನ್ನು ಬಲ್ಲವರು ಕೆಲವರೇ. ವಜ್ರವೂ ಅಮರವಲ್ಲ, ಐದುನೂರರಿಂದ ಸಾವಿರ ಗಂಟೆಗಳ ಒಳಗೆ ಅದನ್ನು ಬದಲಾಯಿಸಬೇಕಾಗುವುದು. ನುಡಿಸಿದ ಗಂಟೆಗಳ ಲೆಕ್ಕವನ್ನು ಕಚೇರಿಯ ಕಾಲದ ಹಳೆಯ ಖಾತೆಪುಸ್ತಕವೊಂದರಲ್ಲಿ ದಿನಾಂಕಸಹಿತ ಬರೆದಿಡುವುದು ಅವರ ಪದ್ಧತಿ.

ಮಲೆನಾಡಿನ ಮಳೆಗಾಲವು ಇಂಥ ಯಂತ್ರಗಳಿಗೆ ಶತ್ರು. ಆಷಾಢ ಶ್ರಾವಣಗಳಲ್ಲಿ ರೆಕಾರ್ಡಿನ ಲಕೋಟೆಗಳಿಗೆ ಬೂಷ್ಟು ಹಿಡಿಯುವುದು. ಆಗ ಬ್ಯಾಟರಿಗೆ ಹಾಕುವ ಭಟ್ಟಿಯ ನೀರಿಗೆ ಒಂದೆರಡು ತೊಟ್ಟು ಮೆದುವಾದ ಸಾಬೂನಿನ ದ್ರವವನ್ನು ಬೆರಸಿ, ನಡುವಿನ ಕಾಗದವು ನೆನೆಯದಂತೆ ತೊಳೆದು, ಬರಿಯ ನೀರಿನಲ್ಲಿ ಇನ್ನೊಮ್ಮೆ ತೊಳೆದು ನೆರಳಿನಲ್ಲಿ ನಿಲ್ಲಿಸಿ ಆರಿಸಬೇಕು. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುವುದು. ಮಲಗಿಸಿ ಒಂದರ ಮೇಲೊಂದು ಪೇರಿಸಿದರೂ ಅದೇ ಗತಿ. ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಆಂಪ್ಲಿಫೈಯರಿನ ಮೇಲಿನ ಸೀಳುಗಳು ಬಿಸಿಗಾಳಿಯು ಹೊರಗೆ ಹೋಗುವುದಕ್ಕಾಗಿ ಇರುವುವು. ಮನೆಯಾಕೆಯು ಒಮ್ಮೆ ಅದರ ಮೇಲೆ ಕಸೂತಿಯ ವಸ್ತ್ರವನ್ನು ಹೊದಿಸಿ ಅದರ ಮೇಲೊಂದು ಹೂದಾನಿಯನ್ನು ಇಟ್ಟಿದ್ದರು. ಯಂತ್ರಕ್ಕೆ ಉಸಿರು ಕಟ್ಟುವುದೆಂದು ಹೇಳಿ ಶಿರಸ್ತೇದಾರರು ಅದನ್ನು ತೆಗೆದರು. ಮೂವತ್ತೊಂಬತ್ತು ವರ್ಷಗಳಲ್ಲಿ ಆ ಯಂತ್ರದ ವಿಷಯದಲ್ಲಿ ದಂಪತಿಗಳಿಗೆ ನಡೆದ ಕಲಹವು ಇದೊಂದೇ.

ಅವರ ತಂದೆಯವರ ಕಾಲದ ಹಳೆಯ ಪ್ಲೇಟುಗಳ ಕಥೆಯು ಬೇರೆ. ಆ ಕಾಲದ ಪ್ಲೇಟುಗಳನ್ನು ಮಾಡುತ್ತಿದ್ದುದು ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ. ಪಾಂಡವರಿಗೆಂದು ವಾರಣಾವತದಲ್ಲಿ ಮನೆ ಕಟ್ಟಿಸಿದ ಅದೇ ಅರಗು. ಅಲ್ಲಿ ಬೆಂಕಿಯಿಂದ ಆದ ಕೆಲಸವು ಇಲ್ಲಿ ಸ್ಪಿರಿಟ್ಟಿನಿಂದ ಆಯಿತು. ಪಟ್ಟಣದಿಂದ ಬಂದ ನೆಂಟನೊಬ್ಬನು ಹೊಸ ರೆಕಾರ್ಡುಗಳನ್ನು ಹಾಗೆ ಒರಸುವುದನ್ನು ಎಲ್ಲಿಯೋ ನೋಡಿದ್ದವನು, ಉಪಕಾರಬುದ್ಧಿಯಿಂದ ತಗಡಿನ ಪೆಟ್ಟಿಗೆಯಲ್ಲಿದ್ದ ಹನ್ನೊಂದು ಪ್ಲೇಟುಗಳನ್ನೂ ಸ್ಪಿರಿಟ್ಟಿನಿಂದ ಒರಸಿಬಿಟ್ಟನು. ಬಡಗಿಗಳು ಮೆರುಗಿಗಾಗಿ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿಯೇ ಎಂಬುದು ಆತನಿಗೆ ಹೊಳೆಯಲಿಲ್ಲ. ಪ್ಲೇಟುಗಳು ಮಂಕಾಗಿ, ಹಾಡುಗಳು ಸರಸರ ಶಬ್ದದಲ್ಲಿ ಮುಳುಗಿಹೋದುವು. ಅಂದಿನಿಂದ ಆ ಮನೆಯಲ್ಲಿ ಯಂತ್ರದ ಕಪಾಟಿನ ಬೀಗದಕೈಯು ಯಜಮಾನರ ಜನಿವಾರದಲ್ಲಿ.

ಇಷ್ಟು ಜಾಗರೂಕತೆಯಿದ್ದರೂ ಯಂತ್ರವು ಆಗಾಗ ಮುನಿಯುವುದುಂಟು. ಒಮ್ಮೆ ಜೇನುಹುಳುವಿನಂತೆ ಗುಂಯ್ ಎಂಬ ನಾದವು ಹಿಡಿದುಕೊಂಡಿತು. ಪೀಠದಿಂದ ಆಂಪ್ಲಿಫೈಯರಿಗೆ ಬರುವ ಅರ್ಥಿಂಗಿನ ತಂತಿಯು ಸಡಿಲವಾಗಿದ್ದಿತು, ತಿರುಪನ್ನು ಬಿಗಿದೊಡನೆ ನಿಂತಿತು. ಒಮ್ಮೆ ರಾಗವು ತಾನಾಗಿ ಶ್ರುತಿಯಿಳಿಯುತ್ತ ಬಂದಿತು. ರಬ್ಬರಿನ ಬೆಲ್ಟು ಸೋತಿದ್ದಿತು. ಧ್ವನಿಯ ಗುಂಡಿಯನ್ನು ತಿರುಗಿಸಿದಾಗ ಕರಕರ ಎಂದರೆ ಒಳಗಿನ ಸ್ಪರ್ಶಸ್ಥಾನಕ್ಕೆ ಕಿಲುಬು ಹಿಡಿದಿದೆಯೆಂದು ಅರ್ಥ. ವಿದ್ಯುತ್ತನ್ನು ತೆಗೆದು ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಕೊನೆಯಿಂದ ಕೊನೆಗೆ ತಿರುಗಿಸಿದರೆ ಬಹುಮಟ್ಟಿಗೆ ಸರಿಹೋಗುವುದು. ಆಂಪ್ಲಿಫೈಯರಿನ ಮುಚ್ಚಳವನ್ನು ಮಾತ್ರ ಅವರು ಬಿಚ್ಚುವವರಲ್ಲ. ಪ್ಲಗ್ಗನ್ನು ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಅಡಗಿರುವುದಾದುದರಿಂದ ಅದು ಬಲ್ಲವರ ಕೆಲಸ.

2025ನೆಯ ಇಸವಿಯ ಮಳೆಗಾಲದಲ್ಲಿ ಎಡಗಡೆಯ ಧ್ವನಿಯು ಕುಂದಿತು. ಆ ಕಚೇರಿಯ ರೆಕಾರ್ಡಿನಲ್ಲಿ ಪಿಟೀಲು ಮೂರು ಮನೆಗಳ ಆಚೆ ನುಡಿಯುವಂತೆ ಕೇಳತೊಡಗಿತು. ಶಿರಸ್ತೇದಾರರು ಮುಳ್ಳನ್ನು ಒರಸಿದರು, ಪ್ಲಗ್ಗುಗಳ ಕಪ್ಪನ್ನು ತೆಗೆದರು, ಗುಂಡಿಗಳನ್ನು ತಿರುಗಿಸಿದರು, ಪ್ರಯೋಜನವಾಗಲಿಲ್ಲ. ಮನೆಯಾಕೆಯನ್ನು ಕೇಳಿದರೆ, “ಪಿಟೀಲು ಚೆನ್ನಾಗಿಯೇ ಕೇಳುತ್ತಿದೆಯಲ್ಲ” ಎಂದರು. ತನ್ನ ಮನಸ್ಸನ್ನು ನೋಯಿಸಬಾರದೆಂದು ಹಾಗೆನ್ನುವಳೆಂದು ಅವರು ಭಾವಿಸಿದರು. ಪೇಟೆಯಿಂದ ಕರೆಸಿದ ರಿಪೇರಿಯವನು ಅರ್ಧ ದಿನ ಪರೀಕ್ಷಿಸಿ, “ಸ್ವಾಮೀ, ಎರಡು ಪೆಟ್ಟಿಗೆಗಳೂ ಸಮವಾಗಿ ನುಡಿಯುತ್ತಿವೆ” ಎಂದು ಹೇಳಿ ಹಣವನ್ನೂ ಮುಟ್ಟದೆ ಹೋದನು. ವಿದ್ಯೆಯಿಲ್ಲದವನೆಂದು ಅವರು ತೀರ್ಮಾನಿಸಿದರು. ಪ್ರತ್ಯಕ್ಷಾನುಮಾನಗಳ ಜೊತೆಗೆ ಆಪ್ತವಾಕ್ಯವನ್ನೂ ಪ್ರಮಾಣವೆಂದು ಶಾಸ್ತ್ರಕಾರರು ಒಪ್ಪಿರುವರು. ಆದರೆ ತನ್ನ ಕಿವಿಗೆ ವಿರೋಧವಾದ ಆಪ್ತವಾಕ್ಯವನ್ನು ಯಾವ ರಸಿಕನು ಒಪ್ಪಿಯಾನು? ಯಂತ್ರಕ್ಕೆ ಮುಪ್ಪು ಬಂದಿತೆಂದೂ, ಅದನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಡುವುದೇ ಲೇಸೆಂದೂ ಅವರು ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದರು. ಮನೆಯಾಕೆಯು ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗಿಟ್ಟು ಒಳಕ್ಕೆ ಹೋದರು. ಮಜ್ಜಿಗೆಯನ್ನು ಅಂದು ಅವರೇ ಬಡಿಸಿಕೊಳ್ಳಬೇಕಾಯಿತು.

ಮರುದಿನ ಅವರು ಕೊನೆಯ ಪರೀಕ್ಷೆಗೆ ನಿಂತರು. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬುದನ್ನು ಒಂದೊಂದಾಗಿ ನೋಡಿ ಕಾರಣವನ್ನು ಹಿಡಿಯುವುದಕ್ಕೆ ತರ್ಕದಲ್ಲಿ ಅನ್ವಯವ್ಯತಿರೇಕವೆಂದು ಹೆಸರು. ಸ್ಟೀರಿಯೋ ಯಂತ್ರದಲ್ಲಿ ಎಲ್ಲವೂ ಜೋಡಿಜೋಡಿಯಾಗಿರುವುದರಿಂದ ಈ ಪರೀಕ್ಷೆಗೆ ಅದು ಹೇಳಿಮಾಡಿಸಿದಂತಿದೆ. ಎಡಬಲಗಳನ್ನು ಒಂದು ಸ್ಥಳದಲ್ಲಿ ಅದಲುಬದಲು ಮಾಡಬೇಕು. ದೋಷವು ಆಚೆಯ ಪೆಟ್ಟಿಗೆಗೆ ಹೋದರೆ ಅದರ ಮೂಲವು ಆ ಸ್ಥಳಕ್ಕಿಂತ ಹಿಂದೆ ಇದೆ. ಇದ್ದಲ್ಲಿಯೇ ಉಳಿದರೆ ಮುಂದೆ ಇದೆ. ಮೊದಲು ಪೀಠದಿಂದ ಬರುವ ಎರಡು ಪ್ಲಗ್ಗುಗಳನ್ನು ಬದಲಿಸಿದರು. ಪಿಟೀಲು ಬಲಗಡೆಗೆ ಬಂದು ತಿಳಿಯಾಯಿತು; ಮೃದಂಗವು ಎಡಗಡೆಗೆ ಹೋಗಿ ಮಂಕಾಯಿತು. ಎಂದ ಮೇಲೆ ಮುಳ್ಳೂ ಪೀಠವೂ ನಿರ್ದೋಷಿಗಳು. ಅವನ್ನು ಮೊದಲಿನಂತೆ ಸೇರಿಸಿ, ಯಂತ್ರವನ್ನು ಆರಿಸಿ, ಸ್ಪೀಕರುಗಳಿಗೆ ಹೋಗುವ ತಂತಿಗಳನ್ನು ಆಂಪ್ಲಿಫೈಯರಿನ ಹಿಂದೆ ಬದಲಿಸಿದರು, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ತಪ್ಪದಂತೆ. ಆಗಲೂ ಎಡಗಡೆಯೇ ಮಂಕು. ಆಂಪ್ಲಿಫೈಯರೂ ನಿರ್ದೋಷಿ. ಉಳಿದುದು ಎಡಗಡೆಯ ಪೆಟ್ಟಿಗೆ. ರಜಕ್ಕೆ ಬಂದಿದ್ದ ಹನ್ನೆರಡು ವರ್ಷದ ಮೊಮ್ಮಗಳ ಸಹಾಯದಿಂದ ಆ ಪೆಟ್ಟಿಗೆಯನ್ನು ತಂತಿಸಮೇತ ಬಲಗಡೆಗೂ, ಬಲಗಡೆಯದನ್ನು ಎಡಗಡೆಗೂ ಒಯ್ದಿಟ್ಟು, ಬೆವರನ್ನು ಒರಸಿಕೊಂಡು ಕುರ್ಚಿಯಲ್ಲಿ ಕುಳಿತರು.

ಎಡಗಡೆಯೇ ಮಂಕು.

ಈಗ ಎಡಗಡೆಯಲ್ಲಿ ಮೊದಲು ಅಲ್ಲಿದ್ದ ವಸ್ತು ಯಾವುದೂ ಉಳಿದಿರಲಿಲ್ಲ. ಶಿರಸ್ತೇದಾರರು ಗೋಡೆಯನ್ನು ನೋಡಿದರು, ನೆಲವನ್ನು ನೋಡಿದರು. ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದು, “ಅಜ್ಜಯ್ಯ, ಕುರ್ಚಿಯನ್ನು ತಿರುಗಿಸಿ ಕೂತು ನೋಡಿ” ಎಂದಳು. ಅವರು ಪೆಟ್ಟಿಗೆಗಳಿಗೆ ಬೆನ್ನುಮಾಡಿ ಕುಳಿತರು. ಮಂಕಾಗಿದ್ದ ಪೆಟ್ಟಿಗೆಯು ತಟ್ಟನೆ ತಿಳಿಯಾಗಿ, ತಿಳಿಯಾಗಿದ್ದುದು ಮಂಕಾಯಿತು. ಹುಡುಗಿಗೆ ನಗು ಬಂದಿತು; ಅಜ್ಜನ ಮುಖವನ್ನು ನೋಡಿ ನುಂಗಿಕೊಂಡಳು.

ಶಿವಮೊಗ್ಗೆಯ ಕಿವಿಯ ವೈದ್ಯರು ಒಳಗೆ ದೀಪ ಹಿಡಿದು ನೋಡಿ, ಗುಗ್ಗೆಯು ಅರಗಿನಂತೆ ಗಟ್ಟಿಯಾಗಿ ಕುಳಿತಿದೆಯೆಂದರು. ಕಿವಿಗೆ ಏನನ್ನಾದರೂ ಹಾಕುವ ಅಭ್ಯಾಸವುಂಟೇ ಎಂದು ಕೇಳಿದಾಗ, ಮುಳ್ಳನ್ನು ಬೆರಳಿನಿಂದ ಮುಟ್ಟಗೊಡದ ಆ ಮಹನೀಯರು, ಬೆಂಕಿಕಡ್ಡಿಯನ್ನು ಹಾಕುವುದುಂಟೆಂದು ತಲೆತಗ್ಗಿಸಿ ಒಪ್ಪಿಕೊಳ್ಳಬೇಕಾಯಿತು. ಕಡ್ಡಿಯು ಗುಗ್ಗೆಯನ್ನು ಹೊರಕ್ಕೆ ತರುವುದಿಲ್ಲ, ಒಳಕ್ಕೆ ಹೆಟ್ಟುತ್ತದೆ. ಐದು ದಿನ ತೊಟ್ಟುಮದ್ದು ಹಾಕಿ ಮೆತ್ತಗೆ ಮಾಡಿ, ಬೆಚ್ಚನೆಯ ನೀರಿನ ಪಿಚಕಾರಿಯಿಂದ ವೈದ್ಯರು ಅದನ್ನು ತೆಗೆದರು. ಎಡಗಿವಿಯು ತೆರೆಯಿತು, ಆದರೆ ಪೂರ್ಣವಾಗಿ ಅಲ್ಲ. ಯಂತ್ರದಿಂದ ಅಳೆದು ನೋಡಲಾಗಿ, ಆ ಕಿವಿಯಲ್ಲಿ ತಾರದ ಸ್ವರಗಳನ್ನು ಹಿಡಿಯುವ ಶಕ್ತಿಯು ಕುಗ್ಗಿರುವುದೆಂದೂ ಅದು ಮರಳಿ ಬರುವಂಥದಲ್ಲವೆಂದೂ ತಿಳಿಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಮಾತಾಡಲಿಲ್ಲ. ಮನೆಯಾಕೆಯೂ ಬಲಗಡೆಗೇ ಕುಳಿತಿದ್ದರು.

ಯಂತ್ರವು ನಡುಮನೆಯಲ್ಲಿಯೇ ಉಳಿಯಿತು. ರಿಪೇರಿಯವನಿಗೆ ಅವನ ಅರ್ಧ ದಿನದ ಕೂಲಿಯನ್ನೂ ಒಂದು ಗೊನೆ ಬಾಳೆಯನ್ನೂ ಶಿರಸ್ತೇದಾರರು ತಾವೇ ಹೋಗಿ ಕೊಟ್ಟುಬಂದರು. ಆಂಪ್ಲಿಫೈಯರಿನ ಮುಂಭಾಗದಲ್ಲಿ ಎಡಬಲಗಳ ಪ್ರಮಾಣವನ್ನು ಹೆಚ್ಚು ಕಡಮೆ ಮಾಡುವ ಒಂದು ಚಿಕ್ಕ ಗುಂಡಿಯುಂಟು. ಮೂವತ್ತೊಂಬತ್ತು ವರ್ಷ ಅದು ನಟ್ಟನಡುವೆ ನಿಂತಿದ್ದಿತು. ಈಗ ಅವರು ಒಬ್ಬರೇ ಕೇಳುವಾಗ ಅದನ್ನು ಗಡಿಯಾರದ ಹತ್ತು ಗಂಟೆಯ ಸ್ಥಾನಕ್ಕೆ ತಿರುಗಿಸಿಕೊಳ್ಳುವರು, ಪತ್ನಿಯು ಕೈ ಒರಸಿಕೊಂಡು ಬಂದು ಕುಳಿತೊಡನೆ ನಡುವಿಗೆ ತರುವರು. ಮೊನ್ನೆ ಒಂದು ಸಂಜೆ ಹಾಗೆ ತರಲು ಎದ್ದಾಗ ಆಕೆಯು ತಡೆದರು.

“ಹಾಗೆಯೇ ಇರಲಿ. ಪಿಟೀಲು ಮುಂದಕ್ಕೆ ಬಂದು ಕೂತಂತಿದೆ.”

“ಮೃದಂಗ ಹಿಂದಾಗುವುದಿಲ್ಲವೇ?”

“ಆಗಲಿ ಬಿಡಿ” ಎಂದು ಆಕೆಯು ಕಾಲು ನೀಡಿ ಕುಳಿತು, ಎಡಗೈಯ ಬೆರಳುಗಳನ್ನು ಮಡಿಲಿನಲ್ಲಿ ಆಡಿಸತೊಡಗಿದರು.