ಬೋರಿವಲಿಯ ಬೇಲಿಯಾಚೆ

ಮುಂಬಯಿಗೆ ಹೋದವರು ಕಡಲನ್ನು ನೋಡಿ ಬರುತ್ತಾರೆ. ಕಾಡನ್ನು ನೋಡಿ ಬಂದೆನೆಂದಾಗ ನನ್ನ ಸಹೋದ್ಯೋಗಿಗಳು ನಕ್ಕರು. ಆದರೆ ಬೋರಿವಲಿ ರೈಲು ನಿಲ್ದಾಣದಿಂದ ಅರ್ಧ ಗಂಟೆ ನಡೆಯುವುದರೊಳಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲು ಎದುರಾಗುತ್ತದೆ. ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಈ ಗುಡ್ಡಗಾಡಿನ ಒಂದು ಮಗ್ಗುಲಿಗೆ ಬೋರಿವಲಿ, ಇನ್ನೊಂದು ಮಗ್ಗುಲಿಗೆ ಠಾಣೆ. ನಡುವೆ ಚಿರತೆಗಳ ಸಂಸಾರ.

ನನ್ನ ಅಕ್ಕನ ಮನೆ ಈ ಕಾಡಿನ ಬೇಲಿಯ ಪಕ್ಕದಲ್ಲೇ, ಎಂಟನೆಯ ಮಹಡಿಯಲ್ಲಿದೆ. ಭಾವ ಉಡುಪಿಯ ಕಡೆಯವರು, ಬ್ಯಾಂಕಿನ ನೌಕರರು. ಅವರೊಡನೆ, ಒಂಬತ್ತು ವರ್ಷದ ಸೋದರಳಿಯನನ್ನೂ ಕರೆದುಕೊಂಡು, ಒಂದು ಭಾನುವಾರ ಬೆಳಿಗ್ಗೆ ಕಾನ್ಹೇರಿಯ ದಾರಿ ಹಿಡಿದೆವು. "ಮಾವ, ಚಿರತೆ ಕಾಣುತ್ತದಲ್ಲವೆ?" ಎಂಬುದೊಂದೇ ಹುಡುಗನ ಪ್ರಶ್ನೆ.

ಅರ್ಧ ದಾರಿಯಲ್ಲಿ ಮುಸುವವೊಂದು ಮರದ ತುದಿಯಿಂದ ಕೆಮ್ಮಿದಂತೆ ಕೂಗಿತು. ಮೇಯುತ್ತಿದ್ದ ಜಿಂಕೆಗಳು ತಟ್ಟನೆ ತಲೆಯೆತ್ತಿದವು, ಒಂದು ಚೀರಿತು. ಭಾವ ನನ್ನ ತೋಳು ಹಿಡಿದು ನಿಲ್ಲಿಸಿದರು. ಎಲ್ಲ ಕಣ್ಣುಗಳೂ ಒಂದೇ ಪೊದೆಯತ್ತ ನೆಟ್ಟಿದ್ದವು. ನಮಗೆ ಕಂಡದ್ದು ಪೊದೆ ಮಾತ್ರ.

"ಅದು ನಮ್ಮನ್ನು ನೋಡಿದೆ. ಅಷ್ಟು ಸಾಕು, ನಡೆಯಿರಿ," ಎಂದರು ಭಾವ.

ಕೃಷ್ಣಗಿರಿ ಎಂಬುದು ಸವೆದು ಕಾನ್ಹೇರಿಯಾಯಿತಂತೆ. ಭಾಷೆ ಕಲಿಸುವವನಿಗೆ ಇಂಥದೆಲ್ಲ ಕಲ್ಲುಸಕ್ಕರೆ. ಕರಿಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಬಾಗಿಲ ಬಳಿಯಲ್ಲಿ ಮಳೆನೀರು ಹಿಡಿಯುವ ತೊಟ್ಟಿಗಳು. ಮೇಲಿನ ಬಂಡೆಯಿಂದ ಪಶ್ಚಿಮಕ್ಕೆ ಕಟ್ಟಡಗಳ ಸಾಲು, ಅದರಾಚೆ ಕಡಲಿನ ಮಸುಕು ಗೆರೆ. ಇಳಿಜಾರಿನಲ್ಲಿ ಎಂಟು ವರ್ಷಕ್ಕೊಮ್ಮೆ ಹೂಬಿಡುವ ಕಾರ್ವಿಯ ಪೊದೆಗಳಿದ್ದವು. 2024ರಲ್ಲಿ ಬೆಟ್ಟವೇ ನೇರಿಳೆಯಾಗಿತ್ತೆಂದು ಭಾವ ಹೊಟ್ಟೆ ಉರಿಸಿದರು.

ಕಾಡಿನೊಳಗೆ ವಾರ್ಲಿ ಜನರ ಹಾಡಿಗಳಿವೆ. ಅವರು ವಾಘೋಬಾ ಎಂಬ ದೇವರನ್ನು ಪೂಜಿಸುತ್ತಾರೆ; ಹುಲಿಯೂ ಚಿರತೆಯೂ ಅವನ ರೂಪವೇ. "ನಮ್ಮ ಪಿಲಿಚಾಮುಂಡಿಯ ನೆಂಟ," ಎಂದರು ಭಾವ.

ಪೇಟೆಯವರ ಭಯ ಬೇರೆ ಬಗೆಯದು, ಕಾರಣವಿಲ್ಲದ್ದೂ ಅಲ್ಲ. 2004ರಲ್ಲಿ ಈ ಕಾಡಿನ ಅಂಚಿನಲ್ಲಿ ಚಿರತೆಗಳು ಹಲವರನ್ನು ಕೊಂದವು. ಬೇರೆಡೆ ಹಿಡಿದವುಗಳನ್ನು ತಂದು ಇಲ್ಲಿ ಬಿಟ್ಟದ್ದೂ ಅದಕ್ಕೊಂದು ಕಾರಣವೆಂದು ಬಲ್ಲವರು ಹೇಳಿದರು. ತನ್ನ ನೆಲೆಯಿಂದ ಕಿತ್ತ ಪ್ರಾಣಿ ಎಲ್ಲಿ ಅಡಗಬೇಕೆಂದು ತಿಳಿಯದೆ ಅಲೆಯುತ್ತದೆ. ನೆಲೆಯರಿತ ಚಿರತೆ ರಾತ್ರಿ ಸದ್ದಿಲ್ಲದೆ ಬಂದು ನಾಯಿಯನ್ನು ಹಿಡಿದುಕೊಂಡು ಹೋಗುತ್ತದೆ. ನಾಯಿಗಳನ್ನು ಕರೆಯುವುದು ನಮ್ಮ ಕಸದ ರಾಶಿ. ಅಕ್ಕನ ಕಟ್ಟಡದ ಹಿಂದೆಯೂ ಅಂಥದೊಂದು ರಾಶಿಯಿದೆ. ಅದನ್ನು ತೆಗೆಸಬೇಕೆಂದು ನಿವಾಸಿಗಳು ಎರಡು ಸಭೆ ಸೇರಿದ್ದಾರೆ. ಚಹಾ ಕುಡಿದು ಎದ್ದಿದ್ದಾರೆ.

ಕತ್ತಲಾದ ಮೇಲೆ ಅಕ್ಕ ಹುಡುಗನನ್ನು ಕೆಳಗೆ ಬಿಡುವುದಿಲ್ಲ. ಆ ರಾತ್ರಿಯೂ ಅವನು ಗೋಗರೆದ. ಗೇಟಿನ ಬಳಿ ಮಲಗುವ ಕಂದು ನಾಯಿಗೆ ಚಪಾತಿ ಹಾಕಬೇಕಾಗಿತ್ತು. "ನಾಳೆ ಬೆಳಿಗ್ಗೆ ಹಾಕುವೆಯಂತೆ," ಎಂದಳು ಅಕ್ಕ.

ಬೆಳಿಗ್ಗೆ ನಾಯಿ ಇರಲಿಲ್ಲ. ಕಾವಲುಗಾರ ಏನೋ ಹೇಳಹೊರಟವನು ಅಕ್ಕನ ಮುಖ ನೋಡಿ ಸುಮ್ಮನಾದ. ಹುಡುಗ ಚಪಾತಿಯನ್ನು ಗೇಟಿನ ಬಳಿ ಇಟ್ಟು, ಶಾಲೆಯ ಬಸ್ಸು ಹತ್ತಿದ.